ಸೆಕೆಂಡ್ ಹ್ಯಾಂಡ್ ಬಾರ್ಬೆಕ್ಯೂ ಗ್ರಿಲ್ ಒಳಗೆ ತುಕ್ಕು: ಉಳಿಸೋದಾ, ಗುಜರಿಗೆ ಹಾಕೋದಾ?

ತೋಟಕ್ಕೆ ನಾಲ್ಕು ಜನ ಅತಿಥಿಗಳನ್ನು ಕರೆಸಿ, ಎರಡು ದಿನ ಉಳಿಸಿಕೊಂಡು, ಊಟ ಹಾಕಿ ಒಂದಿಷ್ಟು ಆದಾಯ ಮಾಡೋಣ ಅಂತ ಹೊರಟವರ ಸಾಮಾನಿನ ಪಟ್ಟಿಯಲ್ಲಿ ಬಾರ್ಬೆಕ್ಯೂ ಗ್ರಿಲ್ ಇದ್ದೇ ಇರುತ್ತೆ. ಸಂಜೆ ಚಳಿಯಲ್ಲಿ ಕೆಂಡದ ಮೇಲೆ ಜೋಳದ ತೆನೆ, ಗೆಣಸು, ಅನಾನಸ್ ಹೋಳು, ಕೋಳಿ ಸುಟ್ಟು ಕೊಟ್ಟರೆ ಪೇಟೆಯಿಂದ ಬಂದವರಿಗೆ ಅದೇ ಹಬ್ಬ. ಆದರೆ ಒಳ್ಳೆಯ ಹೊಸ ಗ್ರಿಲ್‌ನ ಬೆಲೆ ಕೇಳಿದರೆ, ಅದೇ ದುಡ್ಡಿಗೆ ಒಂದು ಬ್ಯಾಟರಿ ಸ್ಪ್ರೇಯರ್ ಬರುತ್ತಲ್ಲ ಅನ್ಸುತ್ತೆ. ಹಾಗಾಗಿ ನಮ್ಮ ಹುಡುಗರು ಮೊಬೈಲಿನಲ್ಲಿ ಹಳೇ ಸಾಮಾನು ಮಾರೋ ಆ್ಯಪ್ ತೆರೀತಾರೆ. ಫೋಟೋದಲ್ಲಿ ಗ್ರಿಲ್ ಚೆನ್ನಾಗೇ ಕಾಣುತ್ತೆ. ಹೋಗಿ ಮುಚ್ಚಳ ಎತ್ತಿದರೆ ಒಳಗೆಲ್ಲ ಕೆಂಪು ಕೆಂಪು.

ಮಾರೋರು ಹೇಳೋದು ಒಂದೇ ಮಾತು: "ಅಣ್ಣ, ಅದು ಮೇಲ್ಮೇಲಿನ ತುಕ್ಕು, ಒಂದ್ಸಲ ಬೆಂಕಿ ಹಾಕಿದ್ರೆ ಹೋಗುತ್ತೆ."

ಕೆಲವು ಸಲ ಆ ಮಾತು ನಿಜ, ಕೆಲವು ಸಲ ಪೂರ್ತಿ ಸುಳ್ಳು. ಮೇಲ್ಮೇಲಿನ ತುಕ್ಕಾದರೆ ಒಂದು ಭಾನುವಾರದ ಕೆಲಸ ಮತ್ತು ನೂರಿನ್ನೂರು ರೂಪಾಯಿ ಸಾಮಾನಿನಲ್ಲಿ ಗ್ರಿಲ್ ಹತ್ತು ವರ್ಷಕ್ಕೆ ಸಾಕಾಗುವಂತೆ ಆಗುತ್ತೆ. ತಳ ತಿಂದುಹೋಗಿದ್ದರೆ ಮಾತ್ರ ವಿಷಯ ಬೇರೆ. ಅತಿಥಿಗಳು ಸುತ್ತ ನಿಂತಿರೋವಾಗ ತಳ ಕಳಚಿ ಕೆಂಡ ನೆಲಕ್ಕೆ ಸುರಿಯಬಹುದು. ನಮ್ಮ ಅಂಗಳದಲ್ಲಿ ಕೆಳಗೆ ಇರೋದೇನು? ಒಣ ಹುಲ್ಲು, ಅಡಿಕೆ ಸೋಗೆ, ತರಗೆಲೆ. ಬೇಸಿಗೆಯಲ್ಲಿ ಅಷ್ಟೇ ಸಾಕು ತೋಟಕ್ಕೆ ಬೆಂಕಿ ಬೀಳೋಕೆ. ಅದಕ್ಕೇ ಈ ವಾರ ಈ ವಿಷಯ ತಗೊಂಡಿದ್ದೀನಿ.

ತುಕ್ಕು ಯಾಕೆ ಒಳಗಿನಿಂದಲೇ ಶುರುವಾಗುತ್ತೆ?

ಕಬ್ಬಿಣ, ಗಾಳಿಯಲ್ಲಿರೋ ಆಮ್ಲಜನಕ, ನೀರು, ಈ ಮೂರೂ ಸೇರಿದರೆ ತುಕ್ಕು. ಅಲ್ಯುಮಿನಿಯಂ ಮೇಲೂ ಆಕ್ಸೈಡ್ ಪದರ ಬರುತ್ತೆ, ಆದರೆ ಅದು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತೆ. ಕಬ್ಬಿಣದ ತುಕ್ಕು ಹಾಗಲ್ಲ. ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತೆ, ಉಬ್ಬುತ್ತೆ, ಚಕ್ಕೆಯಾಗಿ ಏಳುತ್ತೆ. ಚಕ್ಕೆ ಎದ್ದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತೆ. ಅಲ್ಲಿ ಮತ್ತೆ ತುಕ್ಕು. ಹೀಗೇ ಹೋಗ್ತಾ ಇದ್ರೆ ಕೊನೆಗೆ ಉಳಿಯೋದು ತೂತು.

ಗ್ರಿಲ್ ವಿಷಯದಲ್ಲಿ ಇದಕ್ಕೆ ಗೊಬ್ಬರ ಹಾಕೋದು ಬೂದಿ. ಇದ್ದಿಲು ಉರಿದ ಬೂದಿಯಲ್ಲಿ ಪೊಟ್ಯಾಶಿಯಂ ಲವಣಗಳಿರುತ್ತವೆ. ಅವು ಗಾಳಿಯ ತೇವವನ್ನು ಎಳೆದು ಹಿಡಿದಿಟ್ಟುಕೊಳ್ಳುತ್ತವೆ. ಮಳೆ ಬೀಳದಿದ್ದರೂ, ಮಲೆನಾಡಿನ ಜುಲೈ ತಿಂಗಳ ಥಂಡಿ ಗಾಳಿಯೇ ಸಾಕು, ಬೂದಿ ಒದ್ದೆ ಬಟ್ಟೆಯ ಹಾಗೆ ತಳಕ್ಕೆ ಅಂಟಿಕೊಂಡು ಕೂರುತ್ತೆ. ಅದರ ಜೊತೆ ಮಸಾಲೆ ಹಚ್ಚಿದ ಮಾಂಸದಿಂದ ಇಳಿದ ಉಪ್ಪು ಬೇರೆ. ಕರಾವಳಿಯಲ್ಲಾದರೆ ಗಾಳಿಯಲ್ಲೇ ಉಪ್ಪು. ಅದಕ್ಕೇ ಹೊರಗೆ ಹೊಸದರಂತೆ ಹೊಳೆಯೋ ಗ್ರಿಲ್ ಒಳಗೆ ಲೊಟ್ಟೆಯಾಗಿರುತ್ತೆ.

ಕೊಳ್ಳೋ ಮೊದಲು ಹತ್ತು ನಿಮಿಷದ ಪರೀಕ್ಷೆ

ಜೇಬಿನಲ್ಲಿ ಮೊಬೈಲ್, ಒಂದು ಸ್ಕ್ರೂ ಡ್ರೈವರ್, ಒಂದು ಚಿಕ್ಕ ಅಯಸ್ಕಾಂತ (ಹಳೇ ಸ್ಪೀಕರ್‌ನದ್ದು ಸಾಕು), ಒಂದು ಬಟ್ಟೆ ಚೂರು. ಇಷ್ಟು ಇಟ್ಕೊಂಡು ಹೋಗಿ.

ಮೊದಲು ಬೂದಿ ಪೂರ್ತಿ ಹೊರಗೆ ಹಾಕಿಸಿ. ಬೂದಿ ಸಮೇತ ನೋಡಿದ ಗ್ರಿಲ್ ನೋಡದ ಗ್ರಿಲ್ ಇದ್ದ ಹಾಗೆ. ಬೇಡ ಅಂದ್ರೆ ಅಲ್ಲೇ ಏನೋ ಇದೆ ಅಂತ ತಿಳ್ಕೊಳ್ಳಿ.

ಆಮೇಲೆ ನೆರಳಿಗೆ ಒಯ್ದು, ಮೊಬೈಲ್ ಟಾರ್ಚ್ ಹಚ್ಚಿ ಒಳಗಿಡಿ. ಮುಚ್ಚಳ ಹಾಕಿ ಹೊರಗಿನಿಂದ ಸುತ್ತಲೂ, ಕೆಳಗೂ ಬಗ್ಗಿ ನೋಡಿ. ಗಾಳಿ ಬರೋ ಕಿಂಡಿ ಬಿಟ್ಟು ಬೇರೆಲ್ಲಾದರೂ ಸೂಜಿ ಮೊನೆಯಷ್ಟು ಬೆಳಕು ಚುಕ್ಕೆ ಕಂಡರೆ, ಅಲ್ಲಿ ತಗಡು ಮುಗಿದಿದೆ ಅಂತ ಅರ್ಥ. ಒಂದು ಚುಕ್ಕೆ ಕಂಡ ಕಡೆ ಸುತ್ತಲಿನ ತಗಡೂ ಕಾಗದದಷ್ಟು ತೆಳ್ಳಗಾಗಿರುತ್ತೆ.

ಮೂರನೇದು ಚುಚ್ಚು ಪರೀಕ್ಷೆ. ತುಕ್ಕು ಹೆಚ್ಚಿರೋ ಜಾಗಕ್ಕೆ ಸ್ಕ್ರೂ ಡ್ರೈವರ್ ತುದಿ ಇಟ್ಟು ಗಟ್ಟಿಯಾಗಿ ಒತ್ತಿ. ಟಣ್ ಅಂತ ಸದ್ದು ಬಂದು ನಿಂತರೆ ಕೆಳಗೆ ಕಬ್ಬಿಣ ಇದೆ. ಮೆತ್ತಗೆ ಒಳಗೆ ಹೋದರೆ, ಚಕ್ಕೆ ಉದುರಿದರೆ, ಅದು ಕಬ್ಬಿಣ ಅಲ್ಲ, ಬರೀ ತುಕ್ಕಿನ ಪದರ. ಮುಖ್ಯವಾಗಿ ಐದು ಕಡೆ ಒತ್ತಿ: ತಳದ ಅತಿ ತಗ್ಗಾದ ಜಾಗ, ಬೂದಿ ಕಿಂಡಿಯ ಅಂಚು, ಕಾಲು ಕೂರೋ ಬೋಲ್ಟ್ ಸುತ್ತ, ಮುಚ್ಚಳದ ಕೀಲು, ಜಾಲರಿ ಕೂರೋ ಕೊಕ್ಕೆಗಳು.

ಕೊನೆಗೆ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಪುಡಿ ಹತ್ತಿ ಕೆಳಗೆ ನುಣುಪಾದ ಲೋಹ ಕಂಡರೆ ಅದು ಚಿಲ್ಲರೆ ತುಕ್ಕು. ಕೈಯಲ್ಲಿ ಹಪ್ಪಳದಂಥ ಚಕ್ಕೆ ಎದ್ದರೆ ನಡು ಹಂತ, ಬೆಲೆ ಇಳಿಸಿ ಕೇಳಿ. ಹುರುಪೆ ಎದ್ದು ಕೆಳಗೂ ಹುರುಪೆಯೇ ಇದ್ದರೆ, ನಮಸ್ಕಾರ ಹೇಳಿ ಬನ್ನಿ.

ಇನ್ನೊಂದು ಗಮನಿಸಿ. ಮುಚ್ಚಳದ ಒಳಗೆ ಕಪ್ಪು ಬಣ್ಣ ಸುಲಿದು ನೇತಾಡ್ತಾ ಇದ್ದರೆ ತುಂಬಾ ಜನ "ಪೇಂಟ್ ಕಿತ್ತಿದೆ" ಅಂತ ಹೆದರುತ್ತಾರೆ. ಹೆಚ್ಚಿನ ಸಲ ಅದು ಪೇಂಟ್ ಅಲ್ಲ. ಹೊಗೆ ಮತ್ತು ಜಿಡ್ಡು ಸೇರಿ ಸುಟ್ಟು ಗಟ್ಟಿಯಾದ ಪದರ ಅಷ್ಟೆ. ಕೆರೆದರೆ ಬರುತ್ತೆ. ಅದನ್ನೇ ತೋರಿಸಿ ಬೆಲೆ ಇಳಿಸೋದು ನಿಮ್ಮ ಜಾಣತನ!

ಯಾವ ಲೋಹ ಅಂತ ಮೊದಲು ಗೊತ್ತಿರಲಿ

ಎಲ್ಲ ಲೋಹಕ್ಕೂ ಒಂದೇ ಮದ್ದು ಇಲ್ಲ. ಎಲ್ಲ ರೋಗಕ್ಕೂ ಬೋರ್ಡೋ ದ್ರಾವಣ ಹೊಡೆದ ಹಾಗಾಗುತ್ತೆ.

ಬೀಡು ಕಬ್ಬಿಣದ ಜಾಲರಿ: ಭಾರವಾಗಿರುತ್ತೆ, ಮೇಲ್ಮೈ ಸ್ವಲ್ಪ ತರಿತರಿ. ಎಷ್ಟೇ ಕೆಂಪಾಗಿದ್ದರೂ ಬಿರುಕಿಲ್ಲದಿದ್ದರೆ ಇದನ್ನು ಉಳಿಸಬಹುದು. ಅಜ್ಜಿಯ ದೋಸೆ ಕಾವಲಿ ಹೇಗೋ ಹಾಗೆ.

ಸಾದಾ ಕಬ್ಬಿಣದ ಸರಳು, ತಗಡು: ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿದ ಗ್ರಿಲ್‌ಗಳು ಹೆಚ್ಚಾಗಿ ಇವೇ. ತಗಡು ದಪ್ಪ ಇದ್ದರೆ ಉಳಿಯುತ್ತೆ.

ಎನಾಮಲ್ ಲೇಪನ: ಹಳೇ ಎನಾಮಲ್ ತಟ್ಟೆ, ಲೋಟದ ಹಾಗೆ ಗಾಜಿನಂತೆ ನುಣುಪು. ಇದಕ್ಕೆ ತಂತಿ ಬ್ರಷ್ ಬೇಡ. ಲೇಪನ ಸಿಡಿದ ಕಡೆಯಿಂದಲೇ ತುಕ್ಕು ಕೆಳಗೆ ಹರಡುತ್ತೆ.

ಕ್ರೋಮ್ ಲೇಪನದ ತೆಳು ಜಾಲರಿ: ಹೊಳಪು ಇರೋವರೆಗೂ ಸರಿ. ಲೇಪನ ಸುಲಿಯೋಕೆ ಶುರುವಾದರೆ ಅದನ್ನು ಬದಲಾಯಿಸೋದೇ ಸರಿ. ಆ ಚೂರು ಊಟಕ್ಕೆ ಹೋಗೋದು ಬೇಡ.

ಸ್ಟೇನ್‌ಲೆಸ್ ಸ್ಟೀಲ್: ಅಯಸ್ಕಾಂತ ಹಿಡಿಯದಿದ್ದರೆ ಸಾಮಾನ್ಯವಾಗಿ ಒಳ್ಳೇ ಜಾತಿ. ಹಿಡಿದರೆ ಸ್ಟೇನ್‌ಲೆಸ್ ಅಲ್ಲ ಅಂತಲ್ಲ, 430 ಅನ್ನೋ ಜಾತಿಯ ಸ್ಟೀಲನ್ನೂ ಅಯಸ್ಕಾಂತ ಹಿಡಿಯುತ್ತೆ. ಇದರ ಮೇಲಿನ ಕಂದು ಚುಕ್ಕೆಗಳು ಹೆಚ್ಚಾಗಿ ಮೇಲ್ಮೈಯವೇ.

ಅಲ್ಯುಮಿನಿಯಂ: ಇದಕ್ಕೆ ಕೆಂಪು ತುಕ್ಕು ಬರಲ್ಲ, ಬಿಳಿ ಪುಡಿ ಬರುತ್ತೆ. ವಾಷಿಂಗ್ ಸೋಡಾ ಮುಟ್ಟಿಸಬೇಡಿ, ಲೋಹವನ್ನೇ ತಿನ್ನುತ್ತೆ.

ಇವು ಮೂರನ್ನು ಪುಕ್ಕಟೆ ಕೊಟ್ಟರೂ ಬೇಡ

ಒಂದು, ಜಿಐ ಅಂದ್ರೆ ಸತುವಿನ ಲೇಪನದ ತಗಡು, ಬಕೆಟ್, ಜಾಲರಿ. ಹೂವಿನ ಹಾಗೆ ಚಕ್ಕೆ ಚಕ್ಕೆ ಹೊಳಪು ಕಾಣುತ್ತಲ್ಲ, ಅದೇ ಸತು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ನಿಗಿನಿಗಿ ಕೆಂಡ ಆ ಬಿಸಿಯನ್ನು ಸುಲಭವಾಗಿ ದಾಟುತ್ತೆ. ಸತುವಿನ ಹೊಗೆ ಕುಡಿದರೆ ಚಳಿ ಜ್ವರ, ಮೈಕೈ ನೋವು ಬರುತ್ತೆ. ಜಿಐ ಪೈಪ್ ವೆಲ್ಡಿಂಗ್ ಮಾಡೋರನ್ನು ಕೇಳಿ, ಅವರಿಗೆ ಈ ಜ್ವರದ ಪರಿಚಯ ಇರುತ್ತೆ.

ಎರಡು, ಹಳೇ ಫ್ರಿಜ್ಜಿನ ತಂತಿ ಜಾಲರಿ. ಜೋಳ ಸುಡೋಕೆ ಅಳತೆಗೆ ಸರಿಯಾಗಿ ಕೂರುತ್ತೆ ಅಂತ ಎಷ್ಟೋ ಕಡೆ ಇಡ್ತಾರೆ. ಅದು ಬೆಂಕಿಗೆ ಮಾಡಿದ್ದಲ್ಲ. ಹಳೇ ಜಾಲರಿಗಳ ಲೇಪನದಲ್ಲಿ ಸತು ಅಥವಾ ಕ್ಯಾಡ್ಮಿಯಂ ಇರಬಹುದು. ಕ್ಯಾಡ್ಮಿಯಂ ವಿಷ, ಕಿಡ್ನಿಗೆ ಹೊಡೆತ.

ಮೂರು, ಕೀಟನಾಶಕ, ಕಳೆನಾಶಕ, ಅಥವಾ ಏನಿತ್ತು ಅಂತ ಗೊತ್ತಿಲ್ಲದ ಡ್ರಮ್ ಸೀಳಿ ಮಾಡಿದ ಗ್ರಿಲ್. ತೊಳೆದರೆ ಹೋಗುತ್ತೆ ಅನ್ನೋದನ್ನ ನಂಬಬೇಡಿ. ನೀವೇ ಡ್ರಮ್ ತಂದು ಕತ್ತರಿಸೋಣ ಅಂತಿದ್ದರೆ ಇನ್ನೂ ಅಪಾಯ. ಒಳಗೆ ಉಳಿದ ಎಣ್ಣೆ, ದ್ರಾವಕದ ಆವಿಗೆ ಗ್ರೈಂಡರ್ ಕಿಡಿ ತಗುಲಿದರೆ ಡ್ರಮ್ ಬಾಂಬ್ ಆಗುತ್ತೆ.

ಶುಚಿ ಮಾಡೋ ಕ್ರಮ

ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಸಿಂಪಡಣೆಗೆ ಇಟ್ಟುಕೊಂಡಿದ್ದೇ ಸಾಕು. ತುಕ್ಕಿನ ಚಕ್ಕೆ ಕಣ್ಣಿಗೆ ಬಿದ್ದರೆ ಆಸ್ಪತ್ರೆ ಓಡಾಟ.

1. ಬಿಚ್ಚಿ. ಜಾಲರಿ, ಇದ್ದಿಲು ತಟ್ಟೆ, ಬೂದಿ ಡಬ್ಬಿ, ಕಿಂಡಿ ಮುಚ್ಚಳ ಎಲ್ಲ ಬೇರೆ ಮಾಡಿ. ಬಿಚ್ಚೋ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಕೂಡಿಸುವಾಗ ಯಾವ ಬೋಲ್ಟ್ ಎಲ್ಲಿಯದು ಅನ್ನೋ ತಲೆನೋವಿಲ್ಲ. ಹಿಡಿದುಕೊಂಡ ಬೋಲ್ಟ್‌ಗೆ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಆ ಎಣ್ಣೆಯನ್ನು ಆಮೇಲೆ ಸೋಪಿನಿಂದ ಪೂರ್ತಿ ತೊಳೆಯಿರಿ.

2. ಜಿಡ್ಡು ಮೊದಲು, ತುಕ್ಕು ಆಮೇಲೆ. ಜಿಡ್ಡಿನ ಮೇಲೆ ಹುಳಿ ಹಾಕಿದರೆ ಅದು ತುಕ್ಕಿಗೆ ಮುಟ್ಟೋದೇ ಇಲ್ಲ. ಬಿಸಿ ನೀರಿಗೆ ಲೀಟರ್‌ಗೆ ಎರಡು ಮೂರು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಉಜ್ಜಿ, ತೊಳೆಯಿರಿ (ಅಲ್ಯುಮಿನಿಯಂಗೆ ಬೇಡ). ಪಾತ್ರೆ ಸೋಪೂ ಆಗುತ್ತೆ.

3. ಒಣ ಕೆರೆತ. ಏಳೋ ಚಕ್ಕೆಯನ್ನೆಲ್ಲ ಗೋಡೆ ಕೆರೆಯೋ ಪಟ್ಟಿಯಿಂದ ಕೆರೆದು, ತಂತಿ ಬ್ರಷ್‌ನಿಂದ ಉಜ್ಜಿ. ಗ್ರೈಂಡರ್‌ಗೆ ತಂತಿ ಚಕ್ರ ಹಾಕಿದರೆ ಕೆಲಸ ಬೇಗ, ಆದರೆ ತೆಳು ತಗಡಿನ ಮೇಲೆ ಒಂದೇ ಕಡೆ ಹಿಡಿಯಬೇಡಿ. ಮೂಲೆಗಳಿಗೆ ಉಪ್ಪು ಕಾಗದ. ಎನಾಮಲ್‌ಗೆ ಬರೀ ಅಡುಗೆ ಸೋಡಾ ಪೇಸ್ಟ್ ಮತ್ತು ನೈಲಾನ್ ಸ್ಕ್ರಬ್ಬರ್.

ಇಲ್ಲೊಂದು ಮಾತನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ತಂತಿ ಬ್ರಷ್‌ನ ಒಂದೊಂದು ಎಳೆ ಉದುರಿ ಜಾಲರಿಗೆ ಅಂಟಿಕೊಳ್ಳುತ್ತೆ. ಅದು ಮಾಂಸಕ್ಕೋ ತೆನೆಗೋ ಸಿಕ್ಕಿ ಗಂಟಲು, ಕರುಳಿಗೆ ಚುಚ್ಚಿಕೊಂಡು ಆಪರೇಷನ್ ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕೆಲಸ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಒಳಗೆಲ್ಲ ಆಡಿಸಿ. ಸಾದಾ ಕಬ್ಬಿಣದ ಎಳೆಗಳು ಬಟ್ಟೆಗೆ ಹತ್ತಿಕೊಂಡು ಬರುತ್ತವೆ. ಸ್ಟೇನ್‌ಲೆಸ್ ಎಳೆ ಅಯಸ್ಕಾಂತಕ್ಕೆ ಸಿಗದೇ ಹೋಗಬಹುದು, ಹಾಗಾಗಿ ಒದ್ದೆ ಬಟ್ಟೆಯಲ್ಲೂ ಒರೆಸಿ, ಟಾರ್ಚ್ ಹಾಕಿ ನೋಡಿ. ಮುಂದೆ ದಿನನಿತ್ಯದ ಶುಚಿಗೆ ತಂತಿ ಬ್ರಷ್ ಬೇಡವೇ ಬೇಡ. ಅಲ್ಯುಮಿನಿಯಂ ಫಾಯಿಲ್ ಮುದ್ದೆ ಮಾಡಿ ಚಿಮ್ಮಟದಲ್ಲಿ ಹಿಡಿದು ಉಜ್ಜಿದರೂ ಆಗುತ್ತೆ, ಅರ್ಧ ಈರುಳ್ಳಿಯೂ ಆಗುತ್ತೆ.

4. ಹುಳಿ ಸ್ನಾನ. ಕೆರೆದ ಮೇಲೂ ಉಳಿಯೋ ಕೆಂಪಿಗೆ ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್, ಒಳ್ಳೇ ಮದ್ದು. ಲೀಟರ್ ನೀರಿಗೆ 50 ಗ್ರಾಂ. 20 ಲೀಟರ್ ಟಬ್‌ಗೆ 1 ಕೆಜಿ. ಪ್ಲಾಸ್ಟಿಕ್ ಟಬ್ ಇರಲಿ. ಬೆಚ್ಚನೆ ನೀರಾದರೆ ಬೇಗ ಕೆಲಸ ಮಾಡುತ್ತೆ. ಜಾಲರಿ ಮುಳುಗಿಸಿ ಎರಡು ಗಂಟೆಗೊಮ್ಮೆ ಎತ್ತಿ ಉಜ್ಜಿ ನೋಡಿ. ತುಕ್ಕು ಬಿಟ್ಟ ತಕ್ಷಣ ತೆಗೀರಿ. ದಿನಗಟ್ಟಲೆ ಬಿಟ್ಟರೆ ಹುಳಿ ಒಳ್ಳೆಯ ಕಬ್ಬಿಣವನ್ನೂ ತಿನ್ನೋಕೆ ಶುರುಮಾಡುತ್ತೆ.

ಬಿಳಿ ವಿನೆಗರ್ ಇದ್ದರೆ ಅದನ್ನು ನೀರು ಬೆರೆಸದೆ ಬಳಸಿ. ಮುಳುಗಿಸೋಕೆ ಆಗದ ದೊಡ್ಡ ಬಾಣಲೆಯಂಥ ಒಡಲಿಗೆ ಹಳೇ ಕಾಟನ್ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ ಒಳಗೆ ಹಾಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ. ಸಣ್ಣ ಪುಟ್ಟ ಕಲೆಗೆ ಹುಣಸೆಹಣ್ಣಿನ ಚರಟವೂ ಸಾಕು, ಅದರಲ್ಲಿರೋ ಟಾರ್ಟಾರಿಕ್ ಆಮ್ಲ ಇದೇ ಕೆಲಸ ಮಾಡುತ್ತೆ. ಹಿತ್ತಾಳೆ ಪಾತ್ರೆಗೆ ಹಾಕೋ ಹಾಗೆ ಉಪ್ಪು ಮಾತ್ರ ಸೇರಿಸಬೇಡಿ. ತೊಳೆದ ಮೇಲೂ ಸಂದಿಯಲ್ಲಿ ಉಳಿದ ಉಪ್ಪು ಹೊಸ ತುಕ್ಕು ತರುತ್ತೆ.

ಟಾಯ್ಲೆಟ್ ತೊಳೆಯೋ ಆಸಿಡ್ ಬೇಗ ಕೆಲಸ ಮಾಡುತ್ತೆ ಅಂತ ಕೆಲವರು ಹೇಳ್ತಾರೆ. ಬೇಡ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಉಳಿದ ಕ್ಲೋರೈಡ್ ಮಾರನೇ ದಿನವೇ ತುಕ್ಕು ತರುತ್ತೆ. ಮತ್ತೆ ಯಾವುದೇ ಹುಳಿಯ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಿದರೆ ಕ್ಲೋರಿನ್ ವಿಷಾನಿಲ ಏಳುತ್ತೆ. ಇದು ತಮಾಷೆಯಲ್ಲ.

5. ತೊಳೆದು ತಕ್ಷಣ ಒಣಗಿಸಿ. ಚೆನ್ನಾಗಿ ನೀರಿನಲ್ಲಿ ತೊಳೆದು, ಲೀಟರ್‌ಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ತೆಗೆದು, ಮತ್ತೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಲೆಯ ಮೇಲೆ ಇಲ್ಲವೇ ಸಣ್ಣ ಬೆಂಕಿಯ ಮೇಲೆ ಹಿಡಿದು ಒಣಗಿಸಿ. "ಬಿಸಿಲಿಗಿಟ್ಟರೆ ಒಣಗುತ್ತೆ ಬಿಡು" ಅಂತ ಹೋದರೆ, ಊಟ ಮುಗಿಸಿ ಬರೋಷ್ಟರಲ್ಲಿ ತೆಳು ಕೇಸರಿ ಪದರ ಮತ್ತೆ ಹತ್ತಿರುತ್ತೆ. ಹೊಸದಾಗಿ ಬೆತ್ತಲಾದ ಕಬ್ಬಿಣ ಅಷ್ಟು ಚುರುಕು.

ಪಳಗಿಸೋದು: ಕಾವಲಿಯ ಪಾಠ

ಹೊಸ ದೋಸೆ ಕಾವಲಿ ತಂದಾಗ ಅಮ್ಮ ಎಣ್ಣೆ ಸವರಿ, ಕಾಸಿ, ಈರುಳ್ಳಿ ಉಜ್ಜಿ, ಮತ್ತೆ ಕಾಸಿ ಪಳಗಿಸ್ತಾರಲ್ಲ, ಗ್ರಿಲ್ ಜಾಲರಿಗೂ ಅದೇ. ಬಿಸಿಗೆ ಎಣ್ಣೆಯ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಕಪ್ಪು ಪದರ ಆಗುತ್ತೆ. ಆ ಪದರ ಇರೋವರೆಗೆ ಕಬ್ಬಿಣಕ್ಕೆ ನೀರು ಮುಟ್ಟಲ್ಲ, ತೆನೆಯೂ ಅಂಟಲ್ಲ.

ಯಾವ ಎಣ್ಣೆ? ಸೂರ್ಯಕಾಂತಿ, ಕಡಲೆಕಾಯಿ, ಅಗಸೆ ಎಣ್ಣೆ ಆಗುತ್ತೆ. ನಮ್ಮ ತೋಟದ ಕೊಬ್ಬರಿ ಎಣ್ಣೆ ಅಡುಗೆಗೆ ಚಂದ, ಇಲ್ಲಿ ಬೇಡ. ಅದರಲ್ಲಿ ಪರ್ಯಾಪ್ತ ಕೊಬ್ಬು ಜಾಸ್ತಿ, ಹೆಣೆದುಕೊಂಡು ಗಟ್ಟಿ ಪದರ ಆಗೋ ಗುಣ ಕಡಿಮೆ.

ಬೆಚ್ಚಗಿರೋ ಜಾಲರಿಗೆ ಎಣ್ಣೆ ಸವರಿ, ಆಮೇಲೆ ಒಣ ಬಟ್ಟೆಯಲ್ಲಿ "ಎಣ್ಣೆಯೇ ಹಚ್ಚಿಲ್ಲವೇನೋ" ಅನ್ನೋ ಹಾಗೆ ಒರೆಸಿಬಿಡಿ. ಗುಟ್ಟು ಇರೋದೇ ಇಲ್ಲಿ. ಎಣ್ಣೆ ಹೆಚ್ಚಾದರೆ ಅಂಟು ಅಂಟಾಗುತ್ತೆ. ಗ್ರಿಲ್‌ಗೆ ಮಧ್ಯಮ ಕೆಂಡ ಹಾಕಿ, ಜಾಲರಿ ಇಟ್ಟು, ಮುಚ್ಚಳ ಮುಚ್ಚಿ 45 ನಿಮಿಷದಿಂದ ಒಂದು ಗಂಟೆ ಬಿಡಿ. ಮುಚ್ಚಳದಲ್ಲಿ ಮಾಪಕ ಇದ್ದರೆ 200 ರಿಂದ 230 ಡಿಗ್ರಿ ಇರಲಿ. ಆರಿಸಿ, ಇನ್ನೆರಡು ಸಲ ಹೀಗೇ ಮಾಡಿ. ಮೂರನೇ ಸಲಕ್ಕೆ ಮಂದ ಕಪ್ಪು ಹೊಳಪು ಬಂದಿರುತ್ತೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಮುಖ್ಯವಾಗಿ ಅಗಸೆ ಎಣ್ಣೆಯ ಬಟ್ಟೆ ತನ್ನಷ್ಟಕ್ಕೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಇದ್ದಿಲು ನೇರವಾಗಿ ಕೂರೋ ತಳದಲ್ಲಿ ಈ ಎಣ್ಣೆ ಪದರ ನಿಲ್ಲಲ್ಲ, ಸುಟ್ಟು ಹೋಗುತ್ತೆ. ಅಲ್ಲಿಗೆ ಪೇಂಟ್ ಹೊಡೆಯೋಣವಾ ಅಂತ ಕೇಳ್ತಾರೆ. ಒಳಗೆ ಯಾವ ಪೇಂಟೂ ಬೇಡ, ಬಿಸಿ ತಡೆಯೋ ಪೇಂಟ್ ಕೂಡ ಹೊರಮೈಗೆ ಮಾತ್ರ. ತುಕ್ಕನ್ನು ಕಪ್ಪಾಗಿಸೋ ಕೆಮಿಕಲ್ ಡಬ್ಬಿಗಳೂ ಹೊರಗಿನ ಕಾಲು, ಸ್ಟ್ಯಾಂಡ್‌ಗೆ ಮಾತ್ರ. ತಳಕ್ಕೆ ನಿಜವಾದ ರಕ್ಷಣೆ ಅಂದ್ರೆ ಇದ್ದಿಲನ್ನು ಎತ್ತಿ ಹಿಡಿಯೋ ಒಂದು ದಪ್ಪ ಸರಳಿನ ತಟ್ಟೆ, ಮತ್ತು ಬೂದಿಯನ್ನು ತಂಗಲು ಬಿಡದಿರೋದು.

ತೂತು ಬಿದ್ದಿದ್ದರೆ?

ಬೂದಿ ಕಿಂಡಿ ಪಕ್ಕ ಬೆರಳ ಗಾತ್ರದ ಒಂದು ತೂತು, ಸುತ್ತ ತಗಡು ಗಟ್ಟಿ ಇದೆ ಅಂದ್ರೆ ಉಳಿಸಬಹುದು. ಎಂ-ಸೀಲ್ ತರಹದ ಅಂಟು ಬೆಂಕಿಗೆ ನಿಲ್ಲಲ್ಲ, ಸುಟ್ಟು ಕೆಟ್ಟ ಹೊಗೆ ಕೊಡುತ್ತೆ. ವೆಲ್ಡಿಂಗ್ ಅಂಗಡಿಯಲ್ಲಿ 2 ಎಂಎಂ ಸಾದಾ ಕಬ್ಬಿಣದ ತಗಡು ಕತ್ತರಿಸಿ ಬೋಲ್ಟ್ ಹಾಕಿಸಿ. "ಜಿಐ ಬೇಡ, ಎಂಎಸ್ ಹಾಕಿ" ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಕೈಗೆ ಸಿಕ್ಕಿದ್ದು ಹಾಕ್ತಾರೆ. ಬೋಲ್ಟ್ ಕೂಡ ಸ್ಟೇನ್‌ಲೆಸ್ ಅಥವಾ ಲೇಪನ ಇಲ್ಲದ್ದೇ ಇರಲಿ.

ತಳದಲ್ಲಿ ಮೂರು ನಾಲ್ಕು ಕಡೆ ಬೆಳಕು ಕಾಣುತ್ತಿದ್ದರೆ, ಕಾಲಿನ ಬೋಲ್ಟ್ ಸುತ್ತ ತಗಡು ಮುರಿದಿದ್ದರೆ ಗುಜರಿಗೇ ಹಾಕಿ. ಬೀಡು ಜಾಲರಿ, ಮುಚ್ಚಳ, ಚಕ್ರ ಬಿಚ್ಚಿಟ್ಟುಕೊಳ್ಳಿ. ಮಣ್ಣಿನ ಇಟ್ಟಿಗೆಯಲ್ಲಿ ಮೂರು ಕಡೆ ಗೋಡೆ ಕಟ್ಟಿ ಆ ಜಾಲರಿ ಇಟ್ಟರೆ, ತುಕ್ಕು ಹಿಡಿಯದ ಒಡಲು ಸಿಕ್ಕ ಹಾಗಾಯ್ತು. ಅತಿಥಿಗಳಿಗೆ ಅದು ಇನ್ನೂ ಇಷ್ಟ ಆಗುತ್ತೆ.

ಗ್ಯಾಸ್ ಗ್ರಿಲ್ ಆದರೆ ಲೆಕ್ಕ ಇನ್ನೂ ಬಿಗಿ. ಬರ್ನರ್ ತೂತುಗಳು ತುಕ್ಕಿನಿಂದ ಅಗಲವಾಗಿದ್ದರೆ, ಕೊಳವೆ ಸೀಳಿದ್ದರೆ ಬರ್ನರ್ ಬದಲಾಯಿಸಿ, ತೇಪೆ ಬೇಡ. ರಬ್ಬರ್ ಪೈಪ್ ಯಾವಾಗಲೂ ಹೊಸದು, ಐಎಸ್‌ಐ ಮುದ್ರೆಯದ್ದು. ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತಾ ನೋಡಿ. ಮತ್ತೆ ಅತಿಥಿಗಳಿಂದ ದುಡ್ಡು ತಗೊಂಡು ಮಾಡೋ ಅಡುಗೆಗೆ ಮನೆಬಳಕೆ ಸಿಲಿಂಡರ್ ಬಳಸುವಂತಿಲ್ಲ.

ತುಕ್ಕು ಹೊಟ್ಟೆಗೆ ಹೋದ್ರೆ? ಧನುರ್ವಾಯು ಬರುತ್ತಾ?

ಈ ಎರಡು ಪ್ರಶ್ನೆ ಎಲ್ಲರೂ ಕೇಳ್ತಾರೆ. ಎಲ್ಲೋ ಒಂಚೂರು ತುಕ್ಕು ಹೊಟ್ಟೆಗೆ ಹೋದರೆ ಆರೋಗ್ಯವಂತರಿಗೆ ವಿಷವೇನಲ್ಲ, ಅದು ಕಬ್ಬಿಣದ ಆಕ್ಸೈಡ್. ಹಾಗಂತ ಉದುರೋ ತುಕ್ಕಿನ ಮೇಲೆ ಅಡುಗೆ ಮಾಡೋದು ಸರಿಯಲ್ಲ. ರುಚಿ ಕೆಡುತ್ತೆ, ಊಟ ಅಂಟುತ್ತೆ, ಸಂದಿಯಲ್ಲಿ ಹಳೇ ಜಿಡ್ಡು ಕೊಳೆಯುತ್ತೆ. ದುಡ್ಡು ಕೊಟ್ಟು ಉಣ್ಣೋರ ತಟ್ಟೆಯಲ್ಲಿ ಕೆಂಪು ಚಕ್ಕೆ ಕಂಡರೆ ನಿಮ್ಮ ಹೆಸರೂ ಕೆಡುತ್ತೆ.

ಧನುರ್ವಾಯು ತುಕ್ಕಿನಿಂದ ಬರೋದಲ್ಲ. ಅದನ್ನು ತರೋ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತೆ. ತುಕ್ಕು ಹಿಡಿದ ತಗಡು ಮಣ್ಣಲ್ಲಿ ಬಿದ್ದಿದ್ದರಿಂದ, ಗಾಯ ಆಳವಾಗೋದರಿಂದ ಅಪಾಯ. ನಾವಂತೂ ದಿನವಿಡೀ ಮಣ್ಣು, ಗೊಬ್ಬರದಲ್ಲೇ ಇರೋರು. ಹತ್ತು ವರ್ಷದಿಂದ ಚುಚ್ಚುಮದ್ದು ಹಾಕಿಸಿಲ್ಲ ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿಕೊಳ್ಳಿ, ಗ್ರಿಲ್ ಇರಲಿ ಬಿಡಲಿ.

ತುಕ್ಕು, ಬೂದಿ, ಹುಳಿ ನೀರು: ತೋಟಕ್ಕೆ ಹಾಕಬಹುದಾ?

ಸಾವಯವ ಕೃಷಿಕ ಅಂದ ಮೇಲೆ ಏನನ್ನೂ ಎಸೆಯೋ ಮನಸ್ಸಾಗಲ್ಲ, ಗೊತ್ತು. ಆದರೂ ಲೆಕ್ಕ ಇರಲಿ.

ತುಕ್ಕಿನ ಚಕ್ಕೆ: ಕರಿಬೇವು, ನಿಂಬೆ ಗಿಡದ ಬುಡಕ್ಕೆ ತುಕ್ಕು ಮೊಳೆ ಹೂತರೆ ಹಸಿರಾಗುತ್ತೆ ಅನ್ನೋ ನಂಬಿಕೆ ಹಳ್ಳಿಯಲ್ಲೂ ಇದೆ, ವಾಟ್ಸ್ಆ್ಯಪ್‌ನಲ್ಲೂ ಇದೆ. ತುಕ್ಕಿನ ರೂಪದ ಕಬ್ಬಿಣ ನೀರಲ್ಲಿ ಕರಗೋದೇ ಇಲ್ಲ ಅನ್ನಬಹುದು. ನಮ್ಮ ಕೆಂಪು ಮಣ್ಣು ಕೆಂಪಾಗಿರೋದೇ ಕಬ್ಬಿಣದ ಆಕ್ಸೈಡ್‌ನಿಂದ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಪಿಎಚ್ ಜಾಸ್ತಿಯಾಗಿ ಬೇರಿಗೆ ಸಿಗ್ತಾ ಇಲ್ಲ, ಅಷ್ಟೆ. ಎಳೇ ಎಲೆ ಹಳದಿ, ನರ ಮಾತ್ರ ಹಸಿರು ಅಂತ ಕಂಡರೆ ಮಣ್ಣು ಪರೀಕ್ಷೆ ಮಾಡಿಸಿ, ತುಕ್ಕು ಹೂಳಬೇಡಿ.

ಬೂದಿ: ಬರೀ ಕಟ್ಟಿಗೆ ಇದ್ದಿಲಿನ ಶುದ್ಧ ಬೂದಿಯಾದರೆ ಪೊಟ್ಯಾಷ್, ಸುಣ್ಣದ ಅಂಶ ಇರುತ್ತೆ. ಮಲೆನಾಡಿನ ಹುಳಿ ಮಣ್ಣಿಗೆ ಸ್ವಲ್ಪ ಸ್ವಲ್ಪ ಹಾಕಬಹುದು. ಬಯಲುಸೀಮೆಯ ಕ್ಷಾರ ಮಣ್ಣಿಗೆ ಬೇಡ. ಹಸಿ ಸಗಣಿ ಗೊಬ್ಬರದ ಜೊತೆ ನೇರ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತೆ. ಹಳೇ ಗ್ರಿಲ್‌ನಿಂದ ಮೊದಲ ಸಲ ತೆಗೆದ ಬೂದಿ ಮಾತ್ರ ತೋಟಕ್ಕೆ ಬೇಡ, ಅವರು ಅದರಲ್ಲಿ ಏನು ಸುಟ್ಟಿದ್ದರೋ ಯಾರಿಗೆ ಗೊತ್ತು?

ಹುಳಿ ನೀರು: ಅದರಲ್ಲಿ ಹಳೇ ಲೇಪನ, ಪೇಂಟಿನ ಅಂಶ ಕರಗಿರಬಹುದು. ಅಡುಗೆ ಸೋಡಾ ಹಾಕಿ ನೊರೆ ನಿಲ್ಲೋವರೆಗೆ ಬಿಟ್ಟು, ಬಾವಿ, ಹಳ್ಳ, ಗಿಡದ ಬುಡದಿಂದ ದೂರ ಚೆಲ್ಲಿ.

ಮೊದಲ ಬೆಂಕಿ, ಆಮೇಲಿನ ಆರೈಕೆ

ಎಲ್ಲ ಕೂಡಿಸಿದ ಮೇಲೆ ಮೊದಲ ಸಲ ಊಟ ಇಡದೆ ಒಂದು ಗಂಟೆ ಚೆನ್ನಾಗಿ ಉರಿಸಿ. ಕೆಳಗೆ ಒಣ ಹುಲ್ಲು ಗುಡಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬುಟ್ಟಿ ಮಣ್ಣು ಇಟ್ಟುಕೊಳ್ಳಿ. ಬಯಲಲ್ಲೇ ಉರಿಸಿ. ಚಳಿ ಅಂತ ಕೆಂಡದ ಗ್ರಿಲ್ಲನ್ನು ಕೋಣೆಗೆ, ಟೆಂಟ್ ಒಳಗೆ ತಗೊಂಡು ಹೋಗೋ ಅತಿಥಿಗಳಿರ್ತಾರೆ. ಬಿಡಲೇಬೇಡಿ. ಇದ್ದಿಲಿನಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳೋದೇ ಇಲ್ಲ.

ಆಮೇಲೆ ನೆನಪಿಡಬೇಕಾದ್ದು ಇಷ್ಟೇ:

- ಬಳಸಿದ ಪ್ರತಿಸಲ ಬೂದಿ ಪೂರ್ತಿ ಆರಿದ ಮೇಲೆ, ಮಾರನೇ ದಿನ, ಹೊರಗೆ ಹಾಕಿ. ಬೂದಿಯೊಳಗೆ ಕೆಂಡ ಒಂದು ದಿನದವರೆಗೂ ಜೀವ ಹಿಡಿದಿರಬಹುದು. ಕಬ್ಬಿಣದ ಬಕೆಟ್‌ಗೇ ಹಾಕಿ, ಪ್ಲಾಸ್ಟಿಕ್‌ಗೆ ಅಥವಾ ಗೊಬ್ಬರದ ಗುಂಡಿಗೆ ಬೇಡ.
- ಬಿಸಿ ಗ್ರಿಲ್‌ಗೆ ನೀರು ಸುರಿದು ಆರಿಸಬೇಡಿ. ಬೀಡು ಬಿರುಕು ಬಿಡುತ್ತೆ, ಎನಾಮಲ್ ಸಿಡಿಯುತ್ತೆ. ಕಿಂಡಿ ಮುಚ್ಚಿದರೆ ಕೆಂಡ ತಾನಾಗೇ ಆರುತ್ತೆ, ಉಳಿದ ಇದ್ದಿಲು ಇನ್ನೊಂದು ದಿನಕ್ಕಾಗುತ್ತೆ.
- ಜಾಲರಿ ಬೆಚ್ಚಗಿರುವಾಗಲೇ ಒರೆಸಿ, ತೆಳ್ಳಗೆ ಎಣ್ಣೆ ಸವರಿ.
- ಟಾರ್ಪಾಲಿನ್‌ನಿಂದ ಬಿಗಿಯಾಗಿ ಸುತ್ತಬೇಡಿ, ಒಳಗೇ ಬೆವರುತ್ತೆ. ಮೇಲೆ ಮುಚ್ಚಿ, ಕೆಳಗೆ ಗಾಳಿಯಾಡಲಿ.
- ಮೇ ಕೊನೆಗೆ ಒಂದು ಸಲ ಪೂರ್ತಿ ಶುಚಿ ಮಾಡಿ, ಎಣ್ಣೆ ಹಚ್ಚಿ, ಜಾಲರಿಗಳನ್ನು ಅಡುಗೆಮನೆಯ ಅಟ್ಟಕ್ಕೆ ಹಾಕಿ. ಒಲೆಯ ಬಿಸಿ, ಹೊಗೆ ತಾಗೋ ಜಾಗಕ್ಕಿಂತ ಒಳ್ಳೇ ಜಾಗ ಮಳೆಗಾಲದಲ್ಲಿ ಇನ್ನೊಂದಿಲ್ಲ.

ನಮ್ಮ ತೋಟದಲ್ಲಿರೋ ಗ್ರಿಲ್ ಕೂಡ ಬಾಗಿಲು ಹಾಕಿದ ಒಂದು ಹೋಮ್‌ಸ್ಟೇಯಿಂದ ಬಂದಿದ್ದು. ಮೂರು ಮಳೆಗಾಲ ಕಂಡಿದೆ, ತಳದಲ್ಲಿ ಇನ್ನೂ ಬೆಳಕು ಚುಕ್ಕೆ ಬಿದ್ದಿಲ್ಲ. ಪ್ರತಿ ಸೀಸನ್ ಶುರುವಾಗೋ ಮೊದಲು ಮೊಬೈಲ್ ಟಾರ್ಚ್ ಒಳಗಿಟ್ಟು ನೋಡೋದನ್ನ ಮಾತ್ರ ತಪ್ಪಿಸಲ್ಲ. ನೀವೂ ತಪ್ಪಿಸಬೇಡಿ. ಹತ್ತು ನಿಮಿಷದ ಕೆಲಸ, ಅಷ್ಟೆ.

ಈ ವಾರಾಂತ್ಯ ಯಾರಾದರೂ ಹಳೇ ಗ್ರಿಲ್ ನೋಡೋಕೆ ಹೊರಟಿದ್ದರೆ ಅವರಿಗೆ ಈ ಲೇಖನ ಕಳಿಸಿ. ಜೇಬಿಗೆ ಸ್ಕ್ರೂ ಡ್ರೈವರ್ ಹಾಕಿಕೊಳ್ಳೋಕೆ ಮರೆಯದಿರಲಿ. ಮುಂದಿನ ವಾರ ಮತ್ತೆ ಸಿಗೋಣ.